ಬಂಡೆಗೂ ಗೋಡೆಗೂ ನಡುವೆ ಒಂದೂವರೆ ಅಡಿ

ಜಾಗ ನೋಡಲು ಹೋದ ಮೊದಲ ದಿನವೇ ಜೆಸಿಬಿಯವನು ಅಲ್ಲಿದ್ದ. "ಎರಡು ದಿನ ಕೊಡಿ ಸಾರ್, ಎಲ್ಲಾ ಮಟ್ಟ ಮಾಡ್ಕೊಡ್ತೀನಿ" ಅಂದ. ರಾಮನಗರದ ಹತ್ತಿರ ಒಂದು ಎಕರೆ ಜಮೀನು. ಅರ್ಧದಷ್ಟು ಹಾಸುಬಂಡೆ. ಅದರ ಮೇಲೆ ಮೂರು ದೊಡ್ಡ ಬಂಡೆಗುಂಡುಗಳು, ಒಂದೊಂದೂ ಮನೆಯಷ್ಟು ಎತ್ತರ. ರಸ್ತೆಯಿಂದ ಕೆಳಗಿನ ಬೇಲಿಗೆ 14 ಅಡಿ ಇಳಿಜಾರು. ಜಮೀನಿನವರು ನಿವೃತ್ತ ಮೇಷ್ಟ್ರು, ಅಲ್ಲಿ ಕಟ್ಟಬೇಕಿದ್ದ ಅವರ ಮನೆಗೆ ನಾನು ಆರ್ಕಿಟೆಕ್ಟ್. ಅವರು ನನ್ನ ಮುಖ ನೋಡಿದರು. ನಾನು ಜೆಸಿಬಿಯವನಿಗೆ ಟೀ ಕುಡಿಸಿ ಕಳಿಸಿಬಿಟ್ಟೆ.

ಸರ್ವೆಯವರು ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಇಟ್ಟು, ನೆಲದ ಏರಿಳಿತ ತೋರಿಸುವ ಒಂದು ಕಾಂಟೂರ್ ನಕ್ಷೆ ಕೊಟ್ಟರು. ಅದು ಬೇಕೇಬೇಕು. ಆದರೆ ಗುಂಡಿನ ಹೊಟ್ಟೆ ಎಷ್ಟು ಮುಂದೆ ಬಂದಿದೆ, ಸಂದಿ ಎಲ್ಲಿದೆ, ಅದರಲ್ಲಿ ಬೇರು ಬಿಟ್ಟ ಗೋಣಿ ಮರದ ರೆಂಬೆ ಎಷ್ಟು ತಗ್ಗಿದೆ, ಇವೆಲ್ಲ ನಕ್ಷೆಯಲ್ಲಿ ಬರಲಿಲ್ಲ. ಟೇಪು, ಮಟ್ಟ ನೋಡುವ ನೀರಿನ ಟ್ಯೂಬ್ ಲೆವೆಲ್ಲು, ಸೀಮೆಸುಣ್ಣ ಹಿಡಿದು ನಾವೇ ಮೂರು ದಿನ ಅಳೆದೆವು. ಆಮೇಲೆ ಮಳೆ ಬರಲಿ ಅಂತ ಕಾದೆವು. ಮಳೆಯಲ್ಲಿ ಕೊಡೆ ಹಿಡಿದು ನಿಂತಾಗ ಗೊತ್ತಾಯಿತು, ಬಂಡೆ ಮೇಲಿನ ಆ ಕಪ್ಪು ಪಟ್ಟೆಗಳು ಸುಮ್ನೆ ಇರೋದಲ್ಲ. ನೀರು ಇಳಿಯುವುದು ಸರಿಯಾಗಿ ಅದೇ ದಾರಿಯಲ್ಲಿ. ಪಟ್ಟೆ ಎಲ್ಲೆಲ್ಲಿ ನೆಲ ಮುಟ್ಟುತ್ತದೋ ಅಲ್ಲೆಲ್ಲ ನಕ್ಷೆಯಲ್ಲಿ ಬಾಣದ ಗುರುತು ಹಾಕಿದೆ. ಬಾಣ ಇರುವ ಕಡೆ ಗೋಡೆ ಇಲ್ಲ ಅಂತ ಅವತ್ತೇ ತೀರ್ಮಾನ.

ಇಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ರಾಮನಗರದ ಹಳೇ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯದು. ನೆಲದೊಳಗೆ ಇದ್ದಾಗಲೇ ಬಿರುಕಿನಲ್ಲಿ ನೀರು ಇಳಿದು, ಮೂಲೆಗಳು ಮೊದಲು ಕೊಳೆತು, ಚೌಕ ಕಲ್ಲು ಗುಂಡಗಾಗುತ್ತದೆ. ಅಂದರೆ ಈ ಗುಂಡುಗಳನ್ನು ಮಾಡಿದ್ದೇ ನೀರು. ಇದನ್ನು ಕಾಲೇಜಿನಲ್ಲಿ ಓದಿದ್ದೆ. ಅರ್ಥ ಆಗಿದ್ದು ಮಾತ್ರ ತಪ್ಪು ಮಾಡಿದ ಮೇಲೆ.

ಆ ತಪ್ಪಿನ ಕಥೆ ಹೇಳಲೇಬೇಕು. ಇದಕ್ಕೆ ಮುಂಚೆ ಇನ್ನೊಂದು ಕಡೆ ತೋಟದ ಮನೆ ಮಾಡಿದ್ದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಕಟ್ಟಿದ ಫಾಲಿಂಗ್‌ವಾಟರ್ ಮನೆ ಎಲ್ಲ ಆರ್ಕಿಟೆಕ್ಟ್‌ಗಳ ತಲೆಯಲ್ಲೂ ಕೂತಿರುತ್ತದೆ. ಅಲ್ಲಿ ಹಾಲ್‌ನಲ್ಲಿ ಬೆಂಕಿ ಕಾಯಿಸುವ ಒಲೆಯ ಮುಂದೆ ಜಾಗದ ಬಂಡೆಯೇ ನೆಲದಿಂದ ಎದ್ದು ನಿಂತಿದೆ. ನನಗೂ ಅದೇ ಆಸೆ. ಒಂದು ಗುಂಡನ್ನು ಅರ್ಧ ಹಾಲ್‌ನ ಒಳಗೆ, ಅರ್ಧ ಹೊರಗೆ ಬಿಟ್ಟೆ. ಸ್ಲ್ಯಾಬನ್ನು ಬಂಡೆಗೆ ತಾಗಿಸಿದೆ. ಫೋಟೋ ಏನೋ ಬಹಳ ಚೆನ್ನಾಗಿ ಬಂತು. ಮೊದಲ ಮಳೆಗಾಲಕ್ಕೇ ಸೋರಿತು. ಸಂದಿ ಮುಚ್ಚುವ ಸಿಲಿಕೋನ್ ಅಂಟು ಹಾಕಿಸಿದೆ, ಡಾಂಬರ್ ಶೀಟ್ ಹಾಕಿಸಿದೆ. ಬಿಸಿಲಿಗೆ ತೆಳು ಸ್ಲ್ಯಾಬು ಬೇಗ ಹಿಗ್ಗಿ ಬೇಗ ಕುಗ್ಗುತ್ತದೆ, ಅಷ್ಟು ದಪ್ಪ ಬಂಡೆ ಅದರ ಜೊತೆ ಅಲ್ಲಾಡುವುದಿಲ್ಲ. ಸಂದಿಯಲ್ಲಿ ಏನು ತುಂಬಿದರೂ ವರ್ಷದೊಳಗೆ ಬಿರಿಯುತ್ತಿತ್ತು. ಜೊತೆಗೆ ಇರುವೆ, ಒಂದು ಸಲ ಚೇಳು. ಆ ಮನೆಯವರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಶ್ರೀಲಂಕಾಗೆ ಹೋಗಿದ್ದೆ. ದಂಬುಲ್ಲ ಹತ್ತಿರ ಅಲ್ಲಿನ ಆರ್ಕಿಟೆಕ್ಟ್ ಜೆಫ್ರಿ ಬಾವಾ ಮಾಡಿದ ಕಂಡಲಮ ಹೋಟೆಲ್ ನೋಡುವುದು ಉದ್ದೇಶ. ಅಲ್ಲೂ ಬಂಡೆ ಕಟ್ಟಡದ ಒಳಗೆ ನುಗ್ಗಿದೆ, ಅದ್ಭುತವಾಗಿದೆ. ಆದರೆ ನನಗೆ ಪಾಠ ಸಿಕ್ಕಿದ್ದು ಹೋಟೆಲಿನಲ್ಲಲ್ಲ, ಪಕ್ಕದ ದಂಬುಲ್ಲ ಗುಹೆಗಳಲ್ಲಿ. ಗುಹೆಯ ಹುಬ್ಬಿನ ಉದ್ದಕ್ಕೂ ಬಂಡೆಯಲ್ಲೇ ಒಂದು ಅಂಚು ಕೆತ್ತಿದ್ದಾರೆ. ಮೇಲಿಂದ ಇಳಿದ ನೀರು ಆ ಅಂಚಿನಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ತೆವಳಿಕೊಂಡು ಬರುವುದಿಲ್ಲ. ಶ್ರೀಲಂಕಾದಲ್ಲಿ ಬೌದ್ಧ ಭಿಕ್ಷುಗಳಿದ್ದ ಗುಹೆಗಳಿಗೆ ಎರಡು ಸಾವಿರ ವರ್ಷದ ಹಿಂದೆಯೇ ಹೀಗೆ ಮಾಡಿದ್ದರು. ನಮ್ಮ ಕಿಟಕಿ ಮೇಲಿನ ಸಜ್ಜಾದ ತಳದಲ್ಲಿ ಮೇಸ್ತ್ರಿ ಎಳೆಯುವ ಗೆರೆ ಇದೆಯಲ್ಲ, ಅದೇ ಕೆಲಸ. ನಾನು ಸಿಲಿಕೋನ್ ಹುಡುಕುತ್ತಿದ್ದೆ!

ಹಾಗಾಗಿ ಮೇಷ್ಟ್ರ ಮನೆಯಲ್ಲಿ ಗೋಡೆಯನ್ನು ಗುಂಡಿಗೆ ತಾಗಿಸಲಿಲ್ಲ. ಗೋಡೆಗೂ ಗುಂಡಿಗೂ ನಡುವೆ ಒಂದೂವರೆ ಅಡಿ ಬಿಟ್ಟೆ. ಪೊರಕೆ ಹಿಡಿದು ಒಬ್ಬರು ಅಡ್ಡಕ್ಕೆ ನುಗ್ಗುವಷ್ಟು. ಇಲ್ಲದಿದ್ದರೆ ಎಲೆ ತುಂಬಿ ಅದೇ ಕಟ್ಟೆಯಾಗುತ್ತದೆ. ನಡುವಿನ ಗುಂಡಿನ ಹೊಟ್ಟೆ ಮಾತ್ರ ಸೂರಿನ ಮೇಲಕ್ಕೆ ಬಾಗಿತ್ತು. ಅದರ ಕೆಳಮೈಯಲ್ಲಿ, ಸಂದಿಗೆ ನೇರ ಮೇಲೆ, ಒಂದು ಅಂಚು ಕೆತ್ತಬೇಕಿತ್ತು. ಮಾಗಡಿ ಕಡೆಯ ಒಬ್ಬ ವಯಸ್ಸಾದ ಕಲ್ಲುಕುಟಿಗರು ಬಂದರು. ನಾನು ಚಿತ್ರ ಬಿಡಿಸಿ ವಿವರಿಸತೊಡಗಿದೆ. ಅವರು ಚಿತ್ರ ನೋಡಲೇ ಇಲ್ಲ. ಒಂದು ಚೊಂಬು ನೀರು ತರಿಸಿ ಗುಂಡಿನ ನೆತ್ತಿಯಿಂದ ಸುರಿಸಿದರು. ನೀರು ಹರಿದ ಜಾಗಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದರು. "ನಿಮ್ ಗೆರೆ ಅಲ್ಲ ಸ್ವಾಮಿ, ಇದು" ಅಂದರು. ಉಳಿ, ಸುತ್ತಿಗೆ, ಆರು ದಿನ. ನನ್ನ ಗೆರೆ ಅವರ ಗೆರೆಗಿಂತ ಒಂದು ಅಡಿ ಆಚೆ ಇತ್ತು.

ಮೇಷ್ಟ್ರಿಗೆ ಸ್ವಲ್ಪ ಬೇಜಾರೇ. "ಬಂಡೆ ಮನೆ ಒಳಗೇ ಇರುತ್ತೆ ಅಂದ್ಕೊಂಡಿದ್ದೆ" ಅಂದರು. ಆ ಸಂದಿಯ ಕಡೆ ಊಟದ ಮನೆಗೆ ಉದ್ದನೆ ಕಿಟಕಿ ಇಟ್ಟೆ. ಬಿಸಿಲು ನೇರ ಬರುವುದಿಲ್ಲ, ಕಲ್ಲಿಗೆ ಬಡಿದು ಮೆತ್ತಗೆ ಬರುತ್ತದೆ. ಈಗ ಅವರು ಪೇಪರ್ ಓದುವುದು ಅಲ್ಲೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹಾಸುಬಂಡೆ ಮೇಲೆ ಪಾಯ ತೋಡುವ ಮಾತೇ ಇಲ್ಲ. ಮೈ ಒರಟು ಮಾಡಿ, ರಂಧ್ರ ಕೊರೆದು, ಕಂಬಿ ನೆಟ್ಟು ಗ್ರೌಟ್, ಅಂದರೆ ಗಟ್ಟಿಯಾಗುವ ತೆಳು ಗಾರೆ, ತುಂಬಿದೆವು. ನೆಲ ಮೂರು ಮಟ್ಟದಲ್ಲಿ ಇಳಿಯುತ್ತದೆ. ಮಂಡಿ ನೋವಿದ್ದ ಮೇಷ್ಟ್ರ ಮನೆಯ ಅಮ್ಮನವರಿಗಾಗಿ ಅಡುಗೆಮನೆ, ಬಚ್ಚಲು, ಮಲಗುವ ಕೋಣೆ ಒಂದೇ ಮಟ್ಟದಲ್ಲಿ. ಸೂರು ಎಲ್ಲೂ ಗುಂಡಿನ ನೆತ್ತಿ ದಾಟಿಲ್ಲ. ಜಗಲಿಗೆ ಕಲ್ಲು ಕಂಬ, ಮೇಲೆ ಚಪ್ಪಡಿ. ಯಾರೂ ಮೊದಲೇ ಹೇಳದ ತೊಂದರೆ ಅಂದರೆ ಅರ್ಥಿಂಗ್, ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆ. ಬಂಡೆಯಲ್ಲಿ ಗುಂಡಿ ಎಲ್ಲಿ ತೋಡೋದು? ಕೆಳಗಿನ ಬೇಲಿ ಹತ್ತಿರ ಮಣ್ಣು ಸಿಗುವವರೆಗೆ 60 ಅಡಿ ತಾಮ್ರದ ಪಟ್ಟಿ ಎಳೆದೆವು. ಸೆಪ್ಟಿಕ್ ಟ್ಯಾಂಕೂ ಅಲ್ಲೇ, ಅರ್ಥಿಂಗ್ ಗುಂಡಿಯಿಂದ ದೂರ ಸರಿಸಿ. ಮನೆ ಎಲ್ಲಿರಬೇಕು ಅನ್ನುವುದಕ್ಕಿಂತ ಮೊದಲು ಮಣ್ಣು ಎಲ್ಲಿದೆ ಅಂತ ನೋಡಬೇಕಿತ್ತು.

ಗೋಡೆಗೆ ಸುತ್ತಲಿನದ್ದೇ ಕಲ್ಲು ಬಳಸಿದರೆ ಹೊಂದಿಕೊಳ್ಳುತ್ತದೆ ಅಂದುಕೊಂಡಿದ್ದೆ. ಹೊಸದಾಗಿ ಸೀಳಿದ ಸೈಜುಗಲ್ಲು ಬೆಳ್ಳಗೆ ಹೊಳೆಯಿತು. ಹಳೇ ಗುಂಡಿನ ಮುಂದೆ ಹೊಸ ಹಲ್ಲು ಕಟ್ಟಿಸಿಕೊಂಡ ಹಾಗೆ ಕಾಣುತ್ತಿತ್ತು. ಆಸಿಡ್ ಹಾಕಿ ತೊಳೆಯಿರಿ, ಪಾಲಿಶ್ ಹೊಡೆಯಿರಿ ಅಂತ ಜನ ಸಲಹೆ ಕೊಟ್ಟರು. ಏನೂ ಮಾಡಲಿಲ್ಲ. ನಾಲ್ಕು ಮಳೆಗಾಲ ಆಯಿತು, ಉತ್ತರದ ಗೋಡೆ ಈಗಷ್ಟೇ ಮಂಕಾಗುತ್ತಿದೆ.

ಗೆಲ್ಲಲಾಗದ್ದು ಬಿಸಿ. ಪಶ್ಚಿಮದ ಗುಂಡು ಇಡೀ ಮಧ್ಯಾಹ್ನ ಕಾದು ರಾತ್ರಿ ಬಿಸಿ ಬಿಡುತ್ತದೆ. ನಡುವೆ ಉಗ್ರಾಣ, ಬಚ್ಚಲು ಇಟ್ಟಿದ್ದೆ, ಆದರೂ ಏಪ್ರಿಲ್‌ನಲ್ಲಿ ಮಲಗುವ ಕೋಣೆ ಸೆಕೆಯೇ. ಮೇಷ್ಟ್ರು, ಅಮ್ಮ ಇಬ್ಬರೂ ಆ ಒಂದೂವರೆ ತಿಂಗಳು ಜಗಲಿಯಲ್ಲಿ ಚಾಪೆ ಹಾಸುತ್ತಾರೆ. ಗುಂಡಿನ ಆ ಮೈಗೆ ನೆರಳಾಗಲಿ ಅಂತ ಹೋದ ವರ್ಷ ಎರಡು ಹೊಂಗೆ ಸಸಿ ನೆಟ್ಟಿದ್ದೇವೆ. ಒಂದು ಬದುಕಿದೆ.