ಒಂದೇ ಕಾಲಿನ ಊತ, ಶ್ವಾಸಕೋಶದಲ್ಲಿ ಹೆಪ್ಪು: ಮೂಲವನ್ನು ಹುಡುಕಿಸುವ ಬಗೆ

ತಂಗಿಯ ಬಾಣಂತನದ ಮೂರನೆಯ ವಾರದಲ್ಲಿ ಅವಳ ಎಡಗಾಲಿನ ಚೈನು ಬಿಗಿದು ಚರ್ಮದ ಮೇಲೆ ಗೆರೆ ಮೂಡಿತ್ತು. ಬಲಗಾಲಿನದು ಎಂದಿನಂತೆ ಸಡಿಲವಾಗಿಯೇ ಇತ್ತು. ಹೆರಿಗೆಯಾದವರ ಕಾಲು ಊದುವುದು ಸಹಜವೆಂದು ಮನೆಯವರೂ ಹೇಳಿದರು, ತೋರಿಸಿದ ಆಸ್ಪತ್ರೆಯಲ್ಲೂ ಹೇಳಿದರು. ನಾಲ್ಕು ದಿನ ಎಣ್ಣೆ ಹಚ್ಚಿ ನೀವಿದೆವು. ಐದನೆಯ ದಿನ ಬಚ್ಚಲಿನಿಂದ ಬರುವಾಗ ಅವಳು ಉಸಿರು ಸಿಗದೆ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ಎರಡೂ ಶ್ವಾಸಕೋಶಗಳ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿತ್ತು. ಅವಳು ಉಳಿದಳು. ಆದರೆ ಆ ಹೆಪ್ಪು ಎಡಗಾಲಿನಲ್ಲಿಯೇ ಏಕೆ ಹುಟ್ಟಿತೆಂಬ ಪ್ರಶ್ನೆಗೆ ಉತ್ತರ ಸಿಗಲು ಏಳು ತಿಂಗಳು ಬೇಕಾಯಿತು. ಆ ಅವಧಿಯಲ್ಲಿ ನಾವು ಕಲಿತದ್ದನ್ನು, ಇಂಥದೇ ಸ್ಥಿತಿಯಲ್ಲಿರುವ ಮನೆಯವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದದ್ದು ಎರಡೂ ಕಾಲುಗಳ ಅಳತೆ. ಮೊಣಕಾಲಿನ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ ಸರಿಯಾಗಿ 10 ಸೆಂಟಿಮೀಟರ್ ಕೆಳಕ್ಕೆ ಪೆನ್ನಿನಿಂದ ಗುರುತು ಹಾಕಿ, ದರ್ಜಿಯ ಟೇಪನ್ನು ಬಿಗಿಯದೆ ಸುತ್ತಿ ಮೀನಖಂಡದ ಸುತ್ತಳತೆಯನ್ನು ಬರೆದುಕೊಳ್ಳಿ. ಎರಡರ ನಡುವೆ 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹೆರಿಗೆಯ ನಂತರದ ಸಾಮಾನ್ಯ ಊತ ಬಹುಮಟ್ಟಿಗೆ ಎರಡೂ ಕಾಲುಗಳಲ್ಲಿ ಇರುತ್ತದೆ. ಒಂದೇ ಕಾಲು, ಅದರಲ್ಲೂ ತೊಡೆಯವರೆಗೆ ಊದಿ ಭಾರವಾಗಿ ಬಣ್ಣ ಬದಲಾಗಿದ್ದರೆ ಅದೇ ದಿನ ಡಾಪ್ಲರ್ ಸ್ಕ್ಯಾನ್ (ನಾಳಗಳಲ್ಲಿ ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಬೇಕು. ಅಳತೆಯಲ್ಲಿ ವ್ಯತ್ಯಾಸ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಸುಮ್ಮನಿರಬಾರದು. ಸ್ಕ್ಯಾನ್ ಆಗುವವರೆಗೆ ಆ ಕಾಲಿಗೆ ಎಣ್ಣೆ ನೀವುವುದು, ತಿಕ್ಕುವುದು ಬೇಡವೇ ಬೇಡ, ಏಕೆಂದರೆ ನಾಳಕ್ಕೆ ಸಡಿಲವಾಗಿ ಅಂಟಿಕೊಂಡಿರುವ ಹೆಪ್ಪು ಕಿತ್ತು ಬರಬಹುದು.

ಬಾಣಂತಿಗೆ ನೀರು ಕಡಿಮೆ ಕೊಡುವ, ಹಾಸಿಗೆ ಬಿಟ್ಟು ಏಳಿಸದ ನಮ್ಮ ಕಡೆಯ ರೂಢಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹೆರಿಗೆಯ ನಂತರದ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಗರ್ಭಿಣಿಯಾಗಿದ್ದಾಗಿನದಕ್ಕಿಂತಲೂ ಹೆಚ್ಚಿರುತ್ತದೆ. ದೇಹ ಒಣಗುವುದು ಮತ್ತು ಅಲುಗಾಡದೆ ಮಲಗುವುದು ಅದಕ್ಕೆ ಇನ್ನಷ್ಟು ಇಂಬು ಕೊಡುತ್ತವೆ. ಹಿರಿಯರು ಅಕ್ಕರೆಯಿಂದಲೇ ಮಾಡುತ್ತಾರೆ, ಅದು ನನಗೆ ಗೊತ್ತು. ಆದರೂ ಬಾಯಾರಿದಾಗೆಲ್ಲ ನೀರು ಕೊಡಿ, ವೈದ್ಯರು ಬೇಡವೆನ್ನದಿದ್ದರೆ ಮನೆಯೊಳಗೆ ನಡೆದಾಡಲು ಬಿಡಿ.

ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಕೆಮ್ಮಿನಲ್ಲಿ ರಕ್ತ, ವಿಪರೀತ ಎದೆಬಡಿತ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು. ರೋಗಿಯನ್ನು ನಡೆಸದೆ 108ಕ್ಕೆ ಕರೆ ಮಾಡಿ, ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ಕರೆದೊಯ್ಯುವಂತೆ ಕೇಳಿ. ಕಾಲು ಊದಿದ ವಿಷಯವನ್ನು ನೀವಾಗಿಯೇ ಹೇಳಿ. ಉಸಿರಾಟದ ಗಡಿಬಿಡಿಯಲ್ಲಿ ಕಾಲನ್ನು ಯಾರೂ ನೋಡದೆ ಹೋಗಬಹುದು.

ಎಡಗಾಲೇ ಏಕೆ? ಹೃದಯದಿಂದ ಇಳಿಯುವ ಮಹಾಅಪಧಮನಿ ಹೊಕ್ಕುಳಿನ ಆಸುಪಾಸಿನಲ್ಲಿ ಎರಡು ಕವಲಾಗುತ್ತದೆ. ಕಾಲುಗಳಿಂದ ರಕ್ತವನ್ನು ಮೇಲಕ್ಕೆ ತರುವ ಎರಡು ಅಭಿಧಮನಿಗಳು ಅದಕ್ಕಿಂತ ತುಸು ಕೆಳಗೆ, ಬೆನ್ನುಮೂಳೆಯ ಬಲಮಗ್ಗುಲಲ್ಲಿ ಒಂದಾಗುತ್ತವೆ. ಹೀಗಾಗಿ ಎಡಗಾಲಿನ ನಾಳ ಬಲಕ್ಕೆ ದಾಟಬೇಕಾದರೆ ಬಲಗಾಲಿಗೆ ಹೋಗುವ ಅಪಧಮನಿಯ ಅಡಿಯಲ್ಲೇ ನುಸುಳಬೇಕು. ಮೇಲೆ ಸದಾ ಮಿಡಿಯುವ ಅಪಧಮನಿ, ಕೆಳಗೆ ಗಟ್ಟಿಯಾದ ಬೆನ್ನೆಲುಬು. ಈ ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ಬಡಿಸಿಕೊಂಡ ಅಭಿಧಮನಿಯ ಒಳಗೋಡೆಯಲ್ಲಿ ಕೆಲವರಿಗೆ ಅಡ್ಡಪೊರೆಗಳು ಬೆಳೆಯುತ್ತವೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು 430 ಶವಗಳನ್ನು ಪರೀಕ್ಷಿಸಿ ಶೇ. 22ರಷ್ಟರಲ್ಲಿ ಇಂಥ ಪೊರೆಗಳನ್ನು ಕಂಡರು. ಅವರ ಹೆಸರಿನಿಂದಲೇ ಇದಕ್ಕೆ ಮೇ-ಥರ್ನರ್ ಸಿಂಡ್ರೋಮ್ ಎಂದು ಹೆಸರು ಬಂದಿದೆ. ಬಸಿರು, ಹೆರಿಗೆ, ಗರ್ಭನಿರೋಧಕ ಮಾತ್ರೆ, ಶಸ್ತ್ರಚಿಕಿತ್ಸೆ ಅಥವಾ ದೀರ್ಘ ಪ್ರಯಾಣ ಇದರ ಜೊತೆ ಸೇರಿದಾಗ ನಿಧಾನವಾದ ರಕ್ತ ಹೆಪ್ಪುಗಟ್ಟುತ್ತದೆ, ತುಂಡಾಗಿ ಹೃದಯದ ಬಲಭಾಗದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಲುಕುತ್ತದೆ.

ತಂಗಿಗೂ ಇದೇ ಆಗಿತ್ತು, ನಮಗೆ ತಡವಾದದ್ದು ಇದನ್ನು ಕಂಡುಹಿಡಿಯುವಲ್ಲಿಯೇ. ಕಾಲಿನ ಡಾಪ್ಲರ್ ಸಾಮಾನ್ಯವಾಗಿ ತೊಡೆಯ ಸಂದಿನವರೆಗಷ್ಟೇ ಚೆನ್ನಾಗಿ ತೋರಿಸುತ್ತದೆ. ಅದರ ಮೇಲೆ, ಹೊಟ್ಟೆಯ ಆಳದಲ್ಲಿರುವ ನಾಳ ಕರುಳಿನ ಗಾಳಿಯ ಹಿಂದೆ ಮರೆಯಾಗುತ್ತದೆ. ಆದ್ದರಿಂದ ಎಡಗಾಲಿನ ತೊಡೆಯವರೆಗೂ ಹೆಪ್ಪುಗಟ್ಟಿದ್ದರೆ, ಅದರಲ್ಲೂ ರೋಗಿ ಚಿಕ್ಕ ವಯಸ್ಸಿನವರಾಗಿದ್ದರೆ ಅಥವಾ ಅದೇ ಕಾಲಿನಲ್ಲಿ ಎರಡನೆಯ ಬಾರಿ ಆಗಿದ್ದರೆ, “ಸೊಂಟದೊಳಗಿನ ಅಭಿಧಮನಿಯನ್ನು ನೋಡಲಾಗಿದೆಯೇ, ಸಿ.ಟಿ. ಅಥವಾ ಎಂ.ಆರ್. ವೆನೋಗ್ರಾಮ್ ಬೇಕೇ?” ಎಂದು ನೇರವಾಗಿ ಕೇಳಿ. ವೆನೋಗ್ರಾಮ್ ಎಂದರೆ ಅಭಿಧಮನಿಗಳ ಒಳಗನ್ನು ತೋರಿಸುವ ಚಿತ್ರ. ರಕ್ತನಾಳ ತಜ್ಞರ ಬಳಿ ಈ ಪ್ರಶ್ನೆಯೊಂದಿಗೇ ಹೋಗಿ. ಹಾಗೆಂದು ವರದಿಯಲ್ಲಿ ನಾಳ ಒತ್ತಿಕೊಂಡಿದೆ ಎಂದು ಬರೆದ ಮಾತ್ರಕ್ಕೆ ಸ್ಟೆಂಟಿಗೆ (ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಜಾಲರಿಯ ಕೊಳವೆ) ಒಪ್ಪಬೇಡಿ: ಕಾಲಿನ ತೊಂದರೆಯೇ ಇಲ್ಲದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿರುವುದು 2004ರ ಅಧ್ಯಯನವೊಂದರಲ್ಲಿ ಕಂಡಿದೆ. ಹೆಪ್ಪು ಅಥವಾ ಬಿಡದ ಊತ ಇದ್ದವರಿಗೆ ಮಾತ್ರ ಅದು ಚಿಕಿತ್ಸೆಯ ವಿಷಯ.

ಇನ್ನೂ ಅಪರೂಪದ ದೋಷಗಳಿವೆ. ಹೊಟ್ಟೆಯ ಮಹಾಅಭಿಧಮನಿಯೇ ಹುಟ್ಟಿನಿಂದ ಬೆಳೆಯದಿರುವುದು ಒಂದು. ಯುವಕರಲ್ಲಿ ಎರಡೂ ಕಾಲುಗಳು ಒಟ್ಟಿಗೆ ಹೆಪ್ಪುಗಟ್ಟಿದರೆ ಇದನ್ನು ನೆನೆಯಬೇಕು. ಮೊಣಕಾಲಿನ ಹಿಂದಿನ ಅಭಿಧಮನಿ ಚೀಲದಂತೆ ಉಬ್ಬಿ ಹೆಪ್ಪನ್ನು ಕಳಿಸುತ್ತಿರುವುದು ಮತ್ತೊಂದು. ತೋಳನ್ನು ಮೇಲೆತ್ತಿ ದುಡಿಯುವವರಲ್ಲಿ, ಆಟಗಾರರಲ್ಲಿ, ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನಾಳ ಸಿಕ್ಕಿಕೊಂಡು ತೋಳೇ ಊದುವುದುಂಟು.

ಚಿಕಿತ್ಸೆಯ ಬುನಾದಿ ರಕ್ತ ತೆಳುವಾಗಿಸುವ ಔಷಧಿ. ಕನಿಷ್ಠ ಮೂರು ತಿಂಗಳು ಅದನ್ನು ತೆಗೆದುಕೊಳ್ಳಬೇಕಾಗುತ್ತದೆ. ಊತ ಇಳಿಯಿತೆಂದು ನೀವಾಗಿಯೇ ನಿಲ್ಲಿಸಬಾರದು. ಆ ಔಷಧಿ ವಾರ್ಫರಿನ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐ.ಎನ್.ಆರ್. ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಸೊಪ್ಪು ತಿನ್ನಲೇಬಾರದೆಂದು ಹಲವರು ಹೆದರಿಸುತ್ತಾರೆ, ಅದು ಸರಿಯಲ್ಲ: ವಾರದಲ್ಲಿ ಎಷ್ಟು ಬಾರಿ ಬಸ್ಸಾರು, ಎಷ್ಟು ಬಾರಿ ಪಲ್ಯ ಎಂಬುದು ಹೆಚ್ಚುಕಡಿಮೆ ಒಂದೇ ಸಮನಾಗಿದ್ದರೆ ಸಾಕು, ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧಿಯನ್ನಾಗಲಿ ವೈದ್ಯರಿಗೆ ಹೇಳದೆ ಸೇರಿಸಬೇಡಿ. ಹಾಲುಣಿಸುವವರು ಅದನ್ನು ಮೊದಲೇ ತಿಳಿಸಬೇಕು. ಹೆಪಾರಿನ್ ಮತ್ತು ವಾರ್ಫರಿನ್ ಆಗುತ್ತವೆ, ಅಪಿಕ್ಸಬಾನ್, ರಿವರೋಕ್ಸಬಾನ್‌ನಂಥ ಹೊಸ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮೂರು ತಿಂಗಳು ಕಳೆದ ಮೇಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ಏಕೆಂದರೆ ಕರಗದ ಹೆಪ್ಪು ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿಸಿರಬಹುದು.

ಮುಂದೆ ಮತ್ತೆ ಬಸಿರಾಗುವ ಇಚ್ಛೆಯಿದ್ದರೆ ಮೊದಲೇ ವೈದ್ಯರನ್ನು ಕಾಣಬೇಕು. ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡುವುದರಿಂದ ಹೆಪಾರಿನ್ ಚುಚ್ಚುಮದ್ದಿಗೆ ಬದಲಿಸುತ್ತಾರೆ. ತಂಗಿಯ ಫೈಲಿನ ಮೊದಲ ಹಾಳೆಯಲ್ಲಿ ಈಗ ಇಷ್ಟು ಬರೆದಿಟ್ಟಿದ್ದೇವೆ: ಯಾವ ಕಾಲು, ಯಾವ ತಾರೀಖು, ಯಾವ ಮಾತ್ರೆ ಎಷ್ಟು, ಸ್ಟೆಂಟ್ ಎಲ್ಲಿದೆ, ಕಳೆದ ಬಾರಿ ಅಳೆದಾಗ ಎಡ ಮೀನಖಂಡ ಎಷ್ಟು, ಬಲದ್ದು ಎಷ್ಟು. ಟೇಪನ್ನೂ ಅದೇ ಫೈಲಿನಲ್ಲಿ ಸುತ್ತಿಟ್ಟಿದ್ದೇವೆ.