ಗೇಮಿಂಗ್ ಪಿಸಿ: ಚೀಟಿ ಓದಿ, ಆಮೇಲೆ ದುಡ್ಡು ಕೊಡಿ

ಪಿಯುಸಿ ಮುಗಿಸಿದ ಅಕ್ಕನ ಮಗ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌.ಪಿ. ರೋಡಿಗೆ ಹೋಗಿ ಕೊಟೇಶನ್ ಚೀಟಿ ಬರೆಸಿಕೊಂಡು ಬಂದಿದ್ದ. ‘ಮಾಮ, ಐ7 ಅಂತೆ! 16 ಜಿಬಿ ರ‍್ಯಾಮು, ಗ್ರಾಫಿಕ್ಸ್ ಕಾರ್ಡೂ ಇದೆ. ನನ್ನ ಫ್ರೆಂಡ್ ಕೊಟ್ಟಿದ್ದರಲ್ಲಿ ಅರ್ಧ ರೇಟು.’ ಚೀಟಿ ಬಿಡಿಸಿ ನೋಡಿದೆ. ಐ7-3770, ಎಚ್61 ಬೋರ್ಡು, ಜಿಟಿ 730 ಕಾರ್ಡು, ‘ಆರ್‌ಜಿಬಿ ಗೇಮಿಂಗ್ ಕ್ಯಾಬಿನೆಟ್’. ಕೊನೆಯ ಸಾಲಿನಲ್ಲಿ, ಪಿಸಿಗೆ ಕರೆಂಟು ಹಂಚುವ ಡಬ್ಬಿಗೆ, ಬ್ರ್ಯಾಂಡಿನ ಹೆಸರೇ ಇಲ್ಲದೆ ‘ಎಸ್‌ಎಂಪಿಎಸ್ 450 ವ್ಯಾಟ್’.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅದು ಇಂಟೆಲ್‌ನ ಮೇಲ್ದರ್ಜೆಯ ಪ್ರೊಸೆಸರ್ ಐ7 ನಿಜ, ಆದರೆ 2012ರದ್ದು. ಐ7 ಪಕ್ಕದ ಸಂಖ್ಯೆ 3ರಿಂದ ಶುರುವಾದರೆ ಮೂರನೇ ತಲೆಮಾರು ಎಂದರ್ಥ. 2022ರಲ್ಲಿ ಬಂದ ಐ3-12100ಎಫ್‌ಗೂ ಅದರಷ್ಟೇ, ಅಂದರೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಇವೆ. ಹೆಸರಿಗೆ ಕೆಳದರ್ಜೆಯ ಐ3 ಆದರೂ ಆ ಹಳೆಯ ಐ7 ಅದರ ಹತ್ತಿರ ಸುಳಿಯಲಾರದು. ಇನ್ನೂ ಒಂದು ತೊಡಕಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್‌ಗಳನ್ನು ಮಾತ್ರ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ಗೇ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕೆಂದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಎರಡೂ ಬೇಕು. ಹುಡುಗ ಆಡಬೇಕೆಂದಿದ್ದೇ ವ್ಯಾಲರಂಟ್.

ಚೀಟಿಯನ್ನು ಮತ್ತೆ ಬರೆಯಲು ಕೂತೆವು, ಈ ಸಲ ತಲೆಕೆಳಗಾಗಿ.

ಮೊದಲು ಪರದೆ

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಮಾನಿಟರ್‌ನಿಂದ ಶುರು ಮಾಡಿ ಎನ್ನುತ್ತೇನೆ. ಕಾರ್ಡು ಎಷ್ಟು ದುಡಿಯಬೇಕೆಂಬುದನ್ನು ನಿರ್ಧರಿಸುವುದು ಪರದೆಯೇ. ಬಜೆಟ್ ಬಿಗಿಯಿದ್ದರೆ 1080ಪಿ (1920×1080 ಪಿಕ್ಸೆಲ್) ಸಾಕು. 4ಕೆಯಲ್ಲಿ ಅದರ ನಾಲ್ಕರಷ್ಟು ಪಿಕ್ಸೆಲ್‌ಗಳಿರುತ್ತವೆ, ಆ ಹೊರೆ ಎಳೆಯುವ ಕಾರ್ಡಿನ ಬೆಲೆ ನಮ್ಮ ಕೈಗೆಟುಕುವುದಿಲ್ಲ. ವ್ಯಾಲರಂಟ್, ಸಿಎಸ್2 ತರಹದ ಶೂಟಿಂಗ್ ಆಟಗಳಿಗೆ 144 ಅಥವಾ 165 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಪರದೆ ತೆಗೆದುಕೊಳ್ಳಿ. ಕಥೆಯಿರುವ ಆಟಗಳನ್ನಷ್ಟೇ ನಿಧಾನಕ್ಕೆ ಆಡುವವರಿಗೆ ಮನೆಯಲ್ಲಿರುವ 60 ಹರ್ಟ್ಸ್ ಮಾನಿಟರ್ ನಡೆಯುತ್ತದೆ. ಉಳಿದ ದುಡ್ಡು ಕಾರ್ಡಿಗೆ ಹೋಗಲಿ.

ಆಮೇಲೆ ಕಾರ್ಡು

ಮಾನಿಟರ್ ಬಿಟ್ಟು ಉಳಿದ ಬಜೆಟ್‌ನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಗ್ರಾಫಿಕ್ಸ್ ಕಾರ್ಡಿಗೆ ಇಡಿ. 4 ಜಿಬಿ ಮೆಮೊರಿಯ ಕಾರ್ಡನ್ನು ಹೊಸದಾಗಿ ಕೊಳ್ಳುವ ಕಾಲ ಮುಗಿಯಿತು; ಕನಿಷ್ಠ 8 ಜಿಬಿ ಇರಲಿ. 2021ರಲ್ಲಿ ಬಂದ ಆರ್‌ಎಕ್ಸ್ 6600 ಈಗಲೂ 1080ಪಿಗೆ ಒಳ್ಳೆಯ ಕಾರ್ಡು. 132 ವ್ಯಾಟ್‌ನಲ್ಲಿ ಕೆಲಸ ಮುಗಿಸುತ್ತದೆ. ಕೈ ಸ್ವಲ್ಪ ಸಡಿಲವಿದ್ದರೆ 12 ಜಿಬಿಯ ಇಂಟೆಲ್ ಆರ್ಕ್ ಬಿ580 ನೋಡಬಹುದು. ಆದರೆ ಅದಕ್ಕೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಗೇ ಬಳಸುವ ಸೌಲಭ್ಯ) ಇರಲೇಬೇಕು, ಹಳೆಯ ಯಂತ್ರಕ್ಕೆ ಸಿಕ್ಕಿಸಿದರೆ ಮುಗ್ಗರಿಸುತ್ತದೆ.

ಹೆಸರು ನೋಡಿ ಮೋಸ ಹೋಗುವುದು ಇಲ್ಲೇ. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ ಇದೆ, 2024ರಲ್ಲಿ ಬಂದ 6 ಜಿಬಿಯದೂ ಇದೆ. ಎರಡನೆಯದರಲ್ಲಿ ಮೆಮೊರಿ ಮಾತ್ರವಲ್ಲ, ಕಾರ್ಡಿನ ಕಸುವೇ ಕಡಿಮೆ. ಚೀಟಿಯಲ್ಲಿ ‘3050’ ಎಂದಷ್ಟೇ ಬರೆದಿದ್ದರೆ, ಎಷ್ಟು ಜಿಬಿಯದು ಎಂದು ಕೇಳಿ ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬೇಡವೆನ್ನಲಾರೆ. ಆದರೆ ಕಾರ್ಡು ಕೈಯಲ್ಲಿ ಹಿಡಿದು ನೋಡಿ ಕೊಂಡರೆ ಸಾಲದು. ಮಾರುವವರ ಮನೆಯಲ್ಲೇ ಹದಿನೈದು ನಿಮಿಷ ಭಾರದ ಆಟವೊಂದನ್ನು ಓಡಿಸಿ. ಪರದೆಯ ಮೇಲೆ ಬಣ್ಣದ ಚುಕ್ಕೆ, ಗೆರೆ ಬಂದರೆ ನಮಸ್ಕಾರ ಹೇಳಿ ಹೊರಡಿ. ಮೂಲ ಬಿಲ್ ಇಲ್ಲದ ಕಾರ್ಡಿಗೆ ವಾರಂಟಿಯ ಆಸೆ ಇಟ್ಟುಕೊಳ್ಳಬೇಡಿ.

ಪ್ರೊಸೆಸರ್, ಬೋರ್ಡು, ರ‍್ಯಾಮು

ಕಡಿಮೆ ಖರ್ಚಿಗೆ ಎಎಂ4 (ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡಿನ ಮೇಲೆ ಎಎಂಡಿಯ ರೈಜನ್ 5 5600 ನನ್ನ ಆಯ್ಕೆ. ಆರು ಕೋರ್, 65 ವ್ಯಾಟ್, ಬಾಕ್ಸಿನಲ್ಲೇ ಕೂಲರ್ ಬರುತ್ತದೆ. ಪಕ್ಕದಲ್ಲೇ ಇರುವ 5500 ಅಗ್ಗ, ಆದರೆ ಅದರ ಎಲ್3 ಕ್ಯಾಶ್ (ಒಳಗಿನ ವೇಗದ ಮೆಮೊರಿ) 5600ರದ್ದರ ಅರ್ಧ. ಆಟಗಳಲ್ಲಿ ಆ ವ್ಯತ್ಯಾಸ ಕಾಣುತ್ತದೆ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದರೆ ಅದರ ನಂತರದ ಎಎಂ5 ಒಳ್ಳೆಯದು, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಡೇಟಾ ಸೆಂಟರ್‌ಗಳ ಎಐ ಹಸಿವಿನಿಂದಾಗಿ 2025ರ ಕೊನೆಯಿಂದ ರ‍್ಯಾಮಿನ ಬೆಲೆ ಗಗನಕ್ಕೇರಿದೆ, ಚೀಟಿ ಬರೆಸಿದ ದಿನವೇ ಇನ್ನೆರಡು ಕಡೆ ವಿಚಾರಿಸಿ.

ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡಿಲ್ಲದೆ ಪರದೆ ಹೊತ್ತುವುದಿಲ್ಲ. ‘ಕಾರ್ಡು ದೀಪಾವಳಿಗೆ ತಗೊಂಡರಾಯಿತು’ ಎನ್ನುವವರಿಗೆ ರೈಜನ್ 5 5600ಜಿ ಇದೆ. ಅದರೊಳಗಿನ ಗ್ರಾಫಿಕ್ಸ್‌ನಲ್ಲೇ ವ್ಯಾಲರಂಟ್ ಆಡಬಹುದು. ಒಂದೇ ಎಚ್ಚರಿಕೆ: ಮುಂದೆ ಅದಕ್ಕೆ ಆರ್‌ಎಕ್ಸ್ 6500 ಎಕ್ಸ್‌ಟಿ ಜೋಡಿಸಬೇಡಿ. ಆ ಕಾರ್ಡಿಗಿರುವುದು ನಾಲ್ಕೇ ಪಿಸಿಐಇ ಲೇನು (ಬೋರ್ಡಿನೊಡನೆ ಮಾಹಿತಿ ಸಾಗುವ ದಾರಿ), 5600ಜಿಯಲ್ಲಿರುವುದು ಹಳೆಯ ಪಿಸಿಐಇ 3.0. ಓಣಿಯೂ ಕಿರಿದು, ವೇಗವೂ ಕಡಿಮೆ.

16 ಜಿಬಿ ರ‍್ಯಾಮನ್ನು 8ರ ಎರಡು ಪಟ್ಟಿಗಳಾಗಿ ಕೊಳ್ಳಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಎಸ್‌ಎಸ್‌ಡಿ ಎನ್‌ವಿಎಂಇ ಎಂಬ ವೇಗದ ಬಗೆಯದಾಗಿರಲಿ. ಈಗಿನ ಒಂದೊಂದು ಆಟಕ್ಕೂ 100 ಜಿಬಿ ಬೇಕಾಗುವುದುಂಟು, ಹಾಗಾಗಿ ಸಾಧ್ಯವಾದರೆ 1 ಟಿಬಿ.

ಎಸ್‌ಎಂಪಿಎಸ್‌ನಲ್ಲಿ ಜುಗ್ಗತನ ಬೇಡ

ನನ್ನ ಮೊದಲ ಪಿಸಿಗೆ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿಸಿದ್ದೆ. ಎತ್ತಿದರೆ ಖಾಲಿ ಬಿಸ್ಕತ್ ಡಬ್ಬಿಯಷ್ಟು ಹಗುರ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂತು, ‘ಟಪ್’ ಎಂದಿತು, ಕೋಣೆ ತುಂಬ ಸುಟ್ಟ ವಾಸನೆ. ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಳಿಸಿದ್ದು ಸಾವಿರ ರೂಪಾಯಿ.

ಲೆಕ್ಕ ಸುಲಭ. ಪ್ರೊಸೆಸರ್‌ಗೆ 65, ಕಾರ್ಡಿಗೆ 132, ಬೋರ್ಡು, ಫ್ಯಾನು, ಎಸ್‌ಎಸ್‌ಡಿಗೆ ಸುಮಾರು 50. ಹತ್ತಿರ ಹತ್ತಿರ 250 ವ್ಯಾಟ್. ಗಳಿಗೆಗೊಮ್ಮೆ ಏರುವ ಬೇಡಿಕೆಯನ್ನೂ ಸೇರಿಸಿಕೊಂಡರೆ ಒಳ್ಳೆಯ ಕಂಪನಿಯ 550 ವ್ಯಾಟ್ ಧಾರಾಳ. 80 ಪ್ಲಸ್ ಬ್ರಾಂಝ್ ಗುರುತು ಇರಲಿ, ಆದರೆ ಅದು ಹೇಳುವುದು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಐದು ವರ್ಷ ವಾರಂಟಿ ಕೊಡುವವರನ್ನೇ ನಾನು ಹೆಚ್ಚು ನಂಬುವುದು. ಯುಪಿಎಸ್ ಕೊಳ್ಳುವಾಗಲೂ ವಿಎ ಬಿಟ್ಟು ವ್ಯಾಟ್ ನೋಡಿ: 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಎಂದರೆ ಪಿಸಿಯನ್ನು ಬೈಯುವ ಮೊದಲು ಮನೆಯ ಅರ್ತಿಂಗ್ ನೋಡಿಸಿ.

ಕ್ಯಾಬಿನೆಟ್ ವಿಷಯದಲ್ಲಿ ಹುಡುಗನಿಗೂ ನನಗೂ ಜಗಳವಾಯಿತು. ಅವನಿಗೆ ಮುಂದೆ ಗಾಜು, ಬಣ್ಣಬಣ್ಣದ ದೀಪ ಬೇಕು. ಮುಂದೆ ಗಾಜಿದ್ದರೆ ಗಾಳಿ ಎಲ್ಲಿಂದ ಬರಬೇಕು? ಕೊನೆಗೆ ಮುಂಭಾಗ ಜಾಲರಿ, ಫ್ಯಾನಿನಲ್ಲಿ ಮಾತ್ರ ದೀಪ ಎಂದು ರಾಜಿಯಾಯಿತು.

ಅಂಗಡಿಯಲ್ಲಿ ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರು ಇರುವ ಜಿಎಸ್‌ಟಿ ಬಿಲ್ ಕೇಳಿ. ಖಾಲಿ ಬಾಕ್ಸುಗಳನ್ನೂ ಮನೆಗೆ ತನ್ನಿ.

ಪಿಸಿ ಬಂದ ರಾತ್ರಿಯೇ ಫೋನ್ ಬಂತು. ‘ಮಾಮ, ಆಟ ತಡವರಿಸ್ತಾ ಇದೆ.’ ಹೋಗಿ ನೋಡಿದರೆ ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿತ್ತು. ಕಾರ್ಡು ದೀಪಾವಳಿಗೆ ಎಂದಿದ್ದವನು ಅಜ್ಜಿಯನ್ನು ಪುಸಲಾಯಿಸಿ 5600ಜಿ ಜೊತೆಗೇ ಕಾರ್ಡನ್ನೂ ತಂದಿದ್ದ. ಕಾರ್ಡು ಸುಮ್ಮನೆ ಕೂತಿತ್ತು, ಆಟ ಓಡುತ್ತಿದ್ದುದು 5600ಜಿಯೊಳಗಿನ ಗ್ರಾಫಿಕ್ಸ್‌ನಲ್ಲಿ. ಕೇಬಲ್ಲನ್ನು ಕಾರ್ಡಿಗೆ ಬದಲಿಸಿದೆ. ಬೋರ್ಡಿನ ಸೆಟ್ಟಿಂಗ್ಸ್ ಇರುವ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿದೆ, ರ‍್ಯಾಮು 2400ರಿಂದ 3200ಕ್ಕೆ ಏರಿತು. ಕೊನೆಗೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದೆ. 165 ಹರ್ಟ್ಸ್‌ನ ಪರದೆ 60ರಲ್ಲೇ ಓಡುತ್ತಿತ್ತು.