ಲೇಸರ್ ಕಿಡಿಯಿಂದ ಟೆರಾಹರ್ಟ್ಸ್ ಅಲೆ: ಮಾಡುವುದು ಹೀಗೆ

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು ಕೂತಿರುವಾಗ, ಗುಡುಗು ಕೇಳುವ ಮೊದಲೇ ನಮ್ಮ ಮನೆಯ ಹಳೇ ರೇಡಿಯೋ ಗೊರಗುಟ್ಟುತ್ತದೆ. ಮೀಡಿಯಂ ವೇವ್ ಹಾಕಿದ್ದರೆ ಇನ್ನೂ ಜೋರು. ಮಿಂಚು ಎಂದರೆ ಪ್ಲಾಸ್ಮಾ. ಎಲೆಕ್ಟ್ರಾನ್‌ಗಳು ಕಿತ್ತುಬಂದ ಗಾಳಿ. ಅದರೊಳಗೆ ಕರೆಂಟ್ ದಿಢೀರನೆ ಏರಿಳಿದರೆ ಅಲೆ ಹೊರಡುತ್ತದೆ. ನಂಬಿಕೆ ಬಾರದಿದ್ದರೆ ಒಲೆಯಿಂದ ದೂರ ಬಂದು, ರೇಡಿಯೋ ಪಕ್ಕದಲ್ಲಿ ಗ್ಯಾಸ್ ಲೈಟರ್ ಒತ್ತಿ ನೋಡಿ. ಪ್ರತಿ ಕಿಡಿಗೂ ಒಂದು ‘ಟಪ್’.

ಏರಿಳಿತ ಚುರುಕಾದಷ್ಟೂ ಅಲೆಯ ಆವರ್ತನ ಹೆಚ್ಚು. ಮೈಕ್ರೋವೇವ್‌ಗೂ ಇನ್‌ಫ್ರಾರೆಡ್‌ಗೂ ನಡುವಿನ ಟೆರಾಹರ್ಟ್ಸ್ ಬೇಕೆಂದರೆ ಲೈಟರ್ ಸಾಲದು, ಲೇಸರ್ ಬೇಕು.

ಮೊದಲು 50 ಫೆಮ್ಟೋಸೆಕೆಂಡಿನ ಪಲ್ಸ್, ಅಂದರೆ ಬೆಳಕಿನ ಚಿಕ್ಕ ತುಣುಕು, ತಯಾರಾಗಬೇಕು. (ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಸೆಕೆಂಡ್.) ಅಷ್ಟು ಹೊತ್ತಿನಲ್ಲಿ ಬೆಳಕು ಓಡುವುದು 15 ಮೈಕ್ರಾನ್, ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಇದನ್ನು ನೇರವಾಗಿ ಬಲಪಡಿಸಹೋದರೆ ಲೇಸರಿನ ಹರಳೇ ಸುಟ್ಟೀತು. ದಸರೆಯ ಜನವನ್ನು ಓಣಿಯಲ್ಲಿ ಸಾಲಾಗಿ ಬಿಟ್ಟು ಆಚೆ ಮತ್ತೆ ಗುಂಪುಗೂಡಿಸುವ ಹಾಗೆ, ಪಲ್ಸನ್ನು ಹಿಗ್ಗಿಸಿ, ಬಲಪಡಿಸಿ, ಕೊನೆಗೆ ಕುಗ್ಗಿಸುತ್ತಾರೆ. 1985ರಲ್ಲಿ ಡಾನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮುರು ತೋರಿಸಿದ ಈ ಉಪಾಯಕ್ಕೆ 2018ರಲ್ಲಿ ನೊಬೆಲ್ ಬಂತು. ಸಿಗುವ ಶಕ್ತಿ 1 ಮಿಲಿಜೌಲ್, ಅಂದರೆ ಒಂದು ಕಾಫಿ ಬೀಜವನ್ನು ನೆಲದಿಂದ ಮೇಜಿನ ಮೇಲೆ ಇಡುವಷ್ಟು. ಆದರೆ 50 ಫೆಮ್ಟೋಸೆಕೆಂಡಿನಲ್ಲಿ ಖರ್ಚಾಗುವುದರಿಂದ 2,000 ಕೋಟಿ ವಾಟ್!

ಮುಂದೆ ಲೆನ್ಸ್. ಬೆಳಕು ಕೂಡುವ ಜಾಗದಲ್ಲಿ ಬರಿಗಾಳಿಯೇ ಸಣ್ಣ ಎಳೆಯಾಗಿ ಹೊಳೆಯುತ್ತದೆ. ಸೆಕೆಂಡಿಗೆ 1,000 ಪಲ್ಸ್ ಬಿದ್ದರೆ ಜೀರುಂಡೆಯ ಹಾಗೆ ಗುಂಯ್‌ಗುಡುತ್ತದೆ. (800 ನ್ಯಾನೋಮೀಟರಿನ ಈ ಲೇಸರ್ ಕಣ್ಣಿಗೆ ಸರಿಯಾಗಿ ಕಾಣದು, ಕಣ್ಣನ್ನು ಮಾತ್ರ ಸುಡುತ್ತದೆ. ಲೇಸರ್ ತಡೆಯುವ ಕನ್ನಡಕವಿಲ್ಲದೆ ಒಳಗೆ ಕಾಲಿಡಬೇಡಿ.)

ಇಷ್ಟಾದರೂ ಟೆರಾಹರ್ಟ್ಸ್ ಹೆಚ್ಚೇನೂ ಹುಟ್ಟದು. ಕಾರಣ ತಿಳಿಯಲು ನಮ್ಮ ಕೆಸರುಗದ್ದೆಯ ಹಗ್ಗಜಗ್ಗಾಟ ನೆನೆಯಿರಿ. ಎರಡೂ ಕಡೆ ಸಮಬಲವಿದ್ದರೆ ಹಗ್ಗ ನಡುಗುತ್ತದೆಯೇ ಹೊರತು ಜರುಗುವುದಿಲ್ಲ. ಒಂದೇ ಬಣ್ಣದ ಬೆಳಕು ಎಲೆಕ್ಟ್ರಾನ್‌ಗಳನ್ನು ಆಚೆಗೂ ಈಚೆಗೂ ಸಮವಾಗಿ ಎಳೆಯುತ್ತದೆ. ಆದ್ದರಿಂದ ಲೆನ್ಸಿನ ಮುಂದೆ ತೆಳ್ಳನೆಯ ಬಿಬಿಒ (ಬೇರಿಯಂ ಬೋರೇಟ್) ಹರಳು ಇಡಿ. ಅದು ಸ್ವಲ್ಪ ಬೆಳಕನ್ನು 400 ನ್ಯಾನೋಮೀಟರಿನ ನೀಲಿಯಾಗಿಸುತ್ತದೆ. ಎರಡು ಬಣ್ಣ ಕೂಡಿದಾಗ ಎಳೆತ ಒಂದು ಕಡೆಗೆ ವಾಲುತ್ತದೆ, ಎಲೆಕ್ಟ್ರಾನ್‌ಗಳು ಅತ್ತ ನುಗ್ಗುತ್ತವೆ, ಆ ಕ್ಷಣದ ಕರೆಂಟು ಟೆರಾಹರ್ಟ್ಸ್ ಚಿಮ್ಮಿಸುತ್ತದೆ. ಹರಳನ್ನು ಹಿಂದೆ ಮುಂದೆ ಸರಿಸುತ್ತಾ ಸಿಗ್ನಲ್ ಏರುವ ಜಾಗ ಹುಡುಕುವುದೇ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಈ ಎರಡು ಬಣ್ಣದ ವಿಧಾನ ಹೊರಬಂದದ್ದು 2000ರಲ್ಲಿ.

ಕೊನೆಯ ಹೆಜ್ಜೆ ಕೊಡಗಿನವರಿಗೆ ಕಷ್ಟದ್ದು: ಗಾಳಿ ಒಣಗಿರಬೇಕು. ಟೆರಾಹರ್ಟ್ಸ್ ಅಲೆಯನ್ನು ನೀರಾವಿ ಗಬಕ್ಕನೆ ನುಂಗುತ್ತದೆ. ಅಲೆ ಸಾಗುವ ದಾರಿಯನ್ನು ಪೆಟ್ಟಿಗೆಯೊಳಗೆ ಮುಚ್ಚಿ ಒಣ ನೈಟ್ರೋಜನ್ ತುಂಬುತ್ತಾರೆ. ಜುಲೈನಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯದ ಮಡಿಕೇರಿಯಲ್ಲಿ ಆ ಪೆಟ್ಟಿಗೆ ಇಲ್ಲದೆ ಅಳೆಯಲು ಕೂರುವುದು ವ್ಯರ್ಥ.

ನೀರಿಗೆ ಸಿಕ್ಕಿದರೆ ಸೋಲುವ ಗುಣದಿಂದಲೇ ಒಂದು ಲಾಭವೂ ಇದೆ. ಎಲೆ ದಾಟಿ ಬಂದ ಅಲೆ ಎಷ್ಟು ಕುಗ್ಗಿದೆ ಎಂದು ನೋಡಿ, ಎಲೆ ಕೀಳದೆ ಅದರೊಳಗಿನ ನೀರಿನ ಅಂದಾಜು ಪಡೆಯಬಹುದು. ಅದಕ್ಕೆ ಇದಕ್ಕಿಂತ ಪುಟ್ಟ ಟೆರಾಹರ್ಟ್ಸ್ ಯಂತ್ರಗಳೇ ಸಾಕು. ಈ ಲೇಸರ್ ಮೇಜನ್ನು ತೋಟದ ಇಳಿಜಾರಿಗೆ ಹೊತ್ತೊಯ್ಯಲು ಆಳುಗಳಂತೂ ಸಿಗುವುದಿಲ್ಲ.